ನಮ್ಮೂರ ರೊಕ್ಕದ ಇತಿಹಾಸ: ಹುಂಡಿಯಿಂದ ಖಾಲಿ ಚೆಕ್ಕಿನವರೆಗೆ

1/5
ಗೆಳೆಯರೆ, ಭತ್ತ ಮಾರಿದ ಮ್ಯಾಲೆ ಮನೆಗೆ ಬರೋ ಚೆಕ್ ನೀವು ನೋಡಿರ್ತೀರಿ. ಬೀಜ-ಗೊಬ್ಬರ ಉದ್ರಿ ತರುವಾಗ "ಭದ್ರತೆಗೆ" ಅಂತ ಸಹಿ ಮಾಡಿ ಕೊಡೋ ಖಾಲಿ ಚೆಕ್ಕೂ ಜವಳಗೇರಾ, ಸಿಂಧನೂರು ಕಡೆ ಹೊಸದೇನಲ್ಲ. ಇವತ್ತು ಆ ಕಾಗದದ ಕತಿ.

ಚೆಕ್ಕಿಗಿಂತ ಮುಂಚೆ ಹುಂಡಿ ಇತ್ತು. ಒಂದೂರಿನ ಸಾಹುಕಾರ ಬರೆದ ಚೀಟಿಗೆ ಇನ್ನೊಂದೂರಿನ ಸಾಹುಕಾರ ರೊಕ್ಕ ಕೊಡ್ತಿದ್ದ. ಕಳ್ಳರ ಭಯ ಅವಾಗೂ ಇತ್ತು. ಅದಕ್ಕೇ "ಶಾಹಜೋಗ್ ಹುಂಡಿ" ಬಂತು: ಪೇಟೆಯಲ್ಲಿ ಹೆಸರಿರೋ ವ್ಯಾಪಾರಿ ಮೂಲಕ ಬಂದ್ರೆ ಮಾತ್ರ ಹಣ. ಇವತ್ತು ಚೆಕ್ಕಿನ ಎಡ ಮೂಲೆಯಲ್ಲಿ ಎಳೆಯೋ ಎರಡು ಗೆರೆ ಮಾಡೋದೂ ಅದೇ ಕೆಲಸ. ಹಣ ಕೈಗೆ ಸಿಗಲ್ಲ, ಖಾತೆಗೇ ಹೋಗ್ತದೆ, ಗುರುತು ಉಳೀತದೆ.

2/5
ಬ್ರಿಟಿಷರ ಕಾಲದ 1881ರ ಕಾಯ್ದೆಯೇ ಚೆಕ್ಕಿಗೆ ಇವತ್ತಿಗೂ ಆಧಾರ. ಆಗ ನಮ್ಮ ರಾಯಚೂರು ನಿಜಾಮರ ಸೀಮೆ. ಹೈದರಾಬಾದ್ ಸ್ಟೇಟ್ ಬ್ಯಾಂಕ್ ಬಾಗಿಲು ತೆರೆದದ್ದು 1942ರಲ್ಲಿ. ಅದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ, 2017ರಲ್ಲಿ ಎಸ್‌ಬಿಐ ಜೊತೆ ಸೇರ್ತು.

1988ರಲ್ಲಿ ಕಾಯ್ದೆಗೆ ಕಲಂ 138 ಸೇರಿಸಿದರು. ಚೆಕ್ ಬೌನ್ಸ್ ಅಪರಾಧ ಆಯ್ತು. ಈಗ ಎರಡು ವರ್ಷದ ತನಕ ಜೈಲು, ಇಲ್ಲಾ ಚೆಕ್ ಮೊತ್ತದ ಎರಡು ಪಟ್ಟು ತನಕ ದಂಡ, ಇಲ್ಲಾ ಎರಡೂ ಆಗಬಹುದು.

3/5
ಖಾಲಿ ಚೆಕ್ ಅಪಾಯ ಆಗೋದು ಇಲ್ಲೇ ನೋಡ್ರಿ. "ಮೊತ್ತ ನಾ ಬರೆದಿಲ್ಲ" ಅಂದ್ರೆ ಬಿಡುಗಡೆ ಆಗ್ತದೆ ಅಂತ ಭಾಳ ಮಂದಿ ತಿಳ್ಕೊಂಡಾರ. ಒಪ್ಪಿ ಸಹಿ ಮಾಡಿ ಕೊಟ್ಟಿದ್ರೆ ಉಳಿದದ್ದು ಬೇರೆಯವರು ತುಂಬಿದರೂ ಚೆಕ್ ಊರ್ಜಿತ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಷ್ಟು ಸಾಲ ಇರಲಿಲ್ಲ ಅಂತ ತೋರಿಸೋ ಭಾರ ಸಹಿ ಮಾಡಿದವರ ಮೇಲೆ. ತೀರಿಸಿದ ಸಾಲಕ್ಕೂ ಕೋರ್ಟಿಗೆ ಅಲೆಯೋ ಹಂಗೆ ಆಗಬಹುದು.

4/5
ದೊಡ್ಡವರೂ ಮೋಸ ಹೋಗ್ಯಾರ. 2013ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಠೇವಣಿಗೆ ಅಂತ ಕೊಟ್ಟ 10 ಕೋಟಿ ರೂಪಾಯಿ ಚೆಕ್ ನಕಲಿ ದಾಖಲೆಗಳ ಮೂಲಕ ಖಾಸಗಿ ಕಂಪನಿಯೊಂದರ ಸಾಲಕ್ಕೆ ಜಮಾ ಆಯ್ತು. 2024ರ ಆಗಸ್ಟ್‌ನಲ್ಲಿ ಸರ್ಕಾರದ ಸುತ್ತೋಲೆಯೇ ಇದನ್ನ ಹೇಳ್ತು. ಸರ್ಕಾರಕ್ಕೇ ಇಷ್ಟು ಪಾಡಾದ್ರೆ ನಮ್ಮ ನಿಮ್ಮ ಮಾತೇನು?

5/5
ಮನೆಯಲ್ಲಿ ಇಷ್ಟು ಹೇಳ್ರಿ:
• ಖಾಲಿ ಚೆಕ್ಕಿಗೆ ಸಹಿ ಬ್ಯಾಡ. ಕೊಡಲೇಬೇಕಾದ್ರೆ ಹೆಸರು, ಮೊತ್ತ, ತಾರೀಖು ನೀವೇ ಬರೀರಿ, ಎರಡು ಗೆರೆ ಎಳೀರಿ.
• ಮೊತ್ತದ ಮುಂದೆ, ಹೆಸರಿನ ಮುಂದೆ ಜಾಗ ಬಿಡಬ್ಯಾಡ್ರಿ. ಅಳಿಸಲಾಗದ ಇಂಕಿನಲ್ಲಿ ಬರೀರಿ.
• ಚೆಕ್ ನಂಬರ್ ಬರೆದಿಟ್ಟು, ಕೊಟ್ಟದ್ದಕ್ಕೆ ರಸೀದಿ ತಗೋರಿ. ಸಾಲ ತೀರಿದ ದಿನವೇ ಚೆಕ್ ವಾಪಸ್ ಕೇಳ್ರಿ.
• 50,000 ರೂಪಾಯಿ ಮತ್ತು ಮೇಲಿನ ಚೆಕ್ಕಿಗೆ 2021ರಿಂದ ಪಾಸಿಟಿವ್ ಪೇ ಇದೆ. ಚೆಕ್ಕಿನ ವಿವರ ಮೊದಲೇ ಬ್ಯಾಂಕಿಗೆ ತಿಳಿಸಿದ್ರೆ, ತಿದ್ದಿದ್ದು ಸಿಕ್ಕಿಬೀಳ್ತದೆ.
• ಚೆಕ್ ಕಳೆದ್ರೆ ಆ ಕ್ಷಣವೇ ಸ್ಟಾಪ್ ಪೇಮೆಂಟ್ ಹೇಳ್ರಿ. 2025ರ ಅಕ್ಟೋಬರ್ 4ರಿಂದ ಚೆಕ್ ಅದೇ ದಿನ ಪಾಸಾಗ್ತದೆ, ನಾಳೆ ಅಂದ್ರೆ ತಡ ಆಯ್ತು.

ಸೇವ್ ಮಾಡ್ಕೊಳ್ರಿ, ಮನೆ ಗ್ರೂಪಿಗೂ ಕಳಿಸ್ರಿ. ಮುಂದಿನ ಭಾಗ: ನಿಜಾಮರ ಹಾಲಿ ಸಿಕ್ಕಾ.

#ಜವಳಗೇರಾ #ಸಿಂಧನೂರು #ನಮ್ಮೂರಇತಿಹಾಸ