ಭುಜನೋವಿಗೆ ಕೈಚಿಕಿತ್ಸೆ: ಪಂಥಗಳಿಂದ ಪುರಾವೆಯ ಕಡೆಗೆ

ದೇಹದಲ್ಲಿ ಅತಿ ಹೆಚ್ಚು ದಿಕ್ಕಿಗೆ ಆಡುವ ಕೀಲು ಭುಜದ್ದು. ಅದು ಬಿಗಿದುಕೊಂಡರೆ ಜಡೆ ಹಾಕಿಕೊಳ್ಳಲಾಗದು, ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋಗದು, ಆ ಮಗ್ಗುಲಿಗೆ ಹೊರಳಿದರೆ ನಿದ್ದೆಯೂ ಇಲ್ಲ. ಇಂಥ ಭುಜವನ್ನು ಕೈಯಿಂದಲೇ ಒತ್ತಿ, ಜಾರಿಸಿ ಸಡಿಲಗೊಳಿಸುವ ವಿದ್ಯೆ ಕಳೆದ ಎಂಟು ದಶಕಗಳಲ್ಲಿ ಹಲವು ಪಂಥಗಳಾಗಿ ಬೆಳೆದಿದೆ. ಯಾವ ಪಂಥ ಮೇಲು ಎಂಬ ಚರ್ಚೆ ಬಹುಕಾಲ ನಡೆಯಿತು. ಇದುವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ, ತಂತ್ರದ ಹೆಸರಿಗಿಂತ ಕಾಯಿಲೆಯ ಹಂತ ಮತ್ತು ಒತ್ತಡದ ಹದವೇ ಮುಖ್ಯ ಎನ್ನಿಸುತ್ತದೆ.

ತಪಾಸಣೆಗೊಂದು ಕ್ರಮ

ಹೀಗೆ ನೋವಿನೊಂದಿಗೆ ಬಿಗಿದ ಭುಜಕ್ಕೆ 'ಫ್ರೋಜನ್ ಶೋಲ್ಡರ್' ಎಂಬ ಹೆಸರು ಕೊಟ್ಟವರು ಅಮೆರಿಕದ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಕೀಲನ್ನು ಸುತ್ತಿಕೊಂಡ ಚೀಲವೇ ದಪ್ಪಗಾಗಿ ಬಿಗಿಯುತ್ತದೆಂದು 1945ರಲ್ಲಿ ಜೂಲಿಯಸ್ ನೆವಿಯಾಸರ್ ವಿವರಿಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಜೇಮ್ಸ್ ಸಿರಿಯಾಕ್ಸ್ ತಪಾಸಣೆಗೆ ಶಿಸ್ತು ತಂದರು. ರೋಗಿ ತಾನೇ ತೋಳು ಎತ್ತಿದಾಗ, ವೈದ್ಯರು ಎತ್ತಿದಾಗ, ಅಡ್ಡ ಕೈಯೊಡ್ಡಿ ತಡೆದಾಗ ನೋವು ಹೇಗೆ ಬದಲಾಗುತ್ತದೆಂದು ನೋಡಿ, ತೊಂದರೆ ಸ್ನಾಯುರಜ್ಜುವಿನದೋ ಕೀಲುಚೀಲದ್ದೋ ಎಂದು ಅವರು ಬೇರ್ಪಡಿಸುತ್ತಿದ್ದರು. ಚೀಲ ಬಿಗಿದಿದ್ದರೆ ತೋಳು ಹೊರಕ್ಕೆ ತಿರುಗುವುದೇ ಎಲ್ಲಕ್ಕಿಂತ ಹೆಚ್ಚು ಕುಗ್ಗುತ್ತದೆ ಎಂಬ ಅವರ ಗುರುತು ಇಂದಿಗೂ ಬಳಕೆಯಲ್ಲಿದೆ. ಸ್ನಾಯುರಜ್ಜುವಿಗೆ ಅಡ್ಡಲಾಗಿ ಬೆರಳಿನಿಂದ ಆಳವಾಗಿ ಉಜ್ಜುವ ಅವರ ಚಿಕಿತ್ಸೆಗೆ ಮಾತ್ರ ಅಷ್ಟು ಗಟ್ಟಿ ಪುರಾವೆ ಸಿಗಲಿಲ್ಲ.

ಕೀಲು ಜಾರಿಸುವ ಮೂರು ದಾರಿ

ನಾರ್ವೆಯ ಫ್ರೆಡಿ ಕಾಲ್ಟೆನ್‌ಬಾರ್ನ್ ಮೂಳೆಗಳ ಆಕಾರದಿಂದ ಹೊರಟರು. ತೋಳಿನ ಮೂಳೆಯ ತಲೆ ಉಬ್ಬು, ಅದು ಕೂರುವ ಕುಳಿ ತಗ್ಗು; ಹಾಗಾಗಿ ತೋಳು ಒಂದು ಕಡೆಗೆ ಹೋದರೆ ಮೂಳೆಯ ತಲೆ ಎದುರು ಕಡೆಗೆ ಜಾರಬೇಕು ಎಂಬುದು ಅವರ ಸೂತ್ರ. ಜಾರಿಸಬೇಕಾದ ದಿಕ್ಕನ್ನು ಆ ಸೂತ್ರವೇ ಹೇಳುತ್ತದೆ.

ಆಸ್ಟ್ರೇಲಿಯಾದ ಅಡಿಲೇಡಿನ ಜೆಫ್ರಿ ಮೈಟ್‌ಲ್ಯಾಂಡ್ ದಿಕ್ಕಿಗಿಂತ ಪ್ರಮಾಣಕ್ಕೆ ಒತ್ತು ಕೊಟ್ಟರು. ಕೀಲನ್ನು ಲಯಬದ್ಧವಾಗಿ ಆಡಿಸುವುದನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಮೊದಲೆರಡರಲ್ಲಿ ಕೈ ಬಿಗಿತದ ಅಂಚನ್ನು ಮುಟ್ಟುವುದೇ ಇಲ್ಲ. ಅವು ನೋವು ಇಳಿಸಲು. ಮೂರು ಮತ್ತು ನಾಲ್ಕನೆಯ ದರ್ಜೆಯಲ್ಲಿ ಕೈ ಆ ಅಂಚಿಗೇ ಹೋಗುತ್ತದೆ. ಅವು ಬಿಗಿತ ಬಿಡಿಸಲು. ಆಡಿಸಿದ ಬಳಿಕ ಮತ್ತೆ ಪರೀಕ್ಷಿಸಿ, ಆಮೇಲಷ್ಟೇ ಮುಂದಿನ ಹೆಜ್ಜೆ ಇಡಬೇಕೆಂಬುದು ಅವರ ಪಾಠ.

ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ 1980ರ ದಶಕದಲ್ಲಿ ರೋಗಿಯನ್ನೇ ಕೆಲಸಕ್ಕೆ ಸೇರಿಸಿಕೊಂಡರು. ರೋಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ಥೆರಪಿಸ್ಟ್ ನೋವಿಲ್ಲದ ಪಕ್ಕದಲ್ಲಿ ನಿಂತು, ಒಂದು ಅಂಗೈಯನ್ನು ಹೆಗಲಹಲಗೆಯ ಮೇಲೂ ಇನ್ನೊಂದನ್ನು ತೋಳಿನ ಮೂಳೆಯ ತಲೆಯ ಮುಂದೂ ಇಟ್ಟು ಹಿಂದಕ್ಕೆ ಒತ್ತಿ ಹಿಡಿಯುತ್ತಾರೆ. ಆ ಒತ್ತಡ ಇರುವಾಗಲೇ ರೋಗಿ ತೋಳೆತ್ತಬೇಕು. ನೋವಾದರೆ ಒತ್ತುವ ಕೋನ ಬದಲಿಸಬೇಕು, ಆಗಲೂ ನೋವು ಹೋಗದಿದ್ದರೆ ಆ ತಂತ್ರವನ್ನೇ ಬಿಡಬೇಕು.

ಪರೀಕ್ಷೆಗೆ ನಿಂತ ಸೂತ್ರಗಳು

2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪುಟ್ಟ ಅಧ್ಯಯನ ಕಾಲ್ಟೆನ್‌ಬಾರ್ನ್ ಸೂತ್ರವನ್ನು ನೇರವಾಗಿ ಒರೆಗೆ ಹಚ್ಚಿತು. ಫ್ರೋಜನ್ ಶೋಲ್ಡರ್ ಇದ್ದ 20 ಮಂದಿಯಲ್ಲಿ ಕೆಲವರಿಗೆ ಸೂತ್ರದಂತೆ ಮೂಳೆಯನ್ನು ಮುಂದಕ್ಕೂ, ಉಳಿದವರಿಗೆ ಹಿಂದಕ್ಕೂ ಜಾರಿಸಲಾಯಿತು. ತೋಳು ಹೊರಕ್ಕೆ ತಿರುಗುವುದು ಹಿಂದಕ್ಕೆ ಜಾರಿಸಿದವರಲ್ಲಿ ಸರಾಸರಿ 31 ಡಿಗ್ರಿ ಹೆಚ್ಚಿತು. ಮುಂದಕ್ಕೆ ಜಾರಿಸಿದವರಲ್ಲಿ ಬರೀ 3 ಡಿಗ್ರಿ. ಬಿಗಿದ ಚೀಲ ಪಠ್ಯಪುಸ್ತಕದ ಜ್ಯಾಮಿತಿಯನ್ನು ಪಾಲಿಸಲಿಲ್ಲ.

ಒತ್ತಡದ ಪ್ರಮಾಣದ ಬಗ್ಗೆ ನೆದರ್ಲೆಂಡ್ಸ್‌ನಿಂದ ಬಂದ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಓದಬೇಕು. 2004ರ ಅಧ್ಯಯನದಲ್ಲಿ 77 ರೋಗಿಗಳಿದ್ದರು. ನೋವು ಸಹಿಸುವಷ್ಟೇ ಚಲನೆ ಮಾಡಿಸಿ ಕಾದವರಲ್ಲಿ ಎರಡು ವರ್ಷದ ಹೊತ್ತಿಗೆ ಶೇ. 89ರಷ್ಟು ಮಂದಿಯ ಭುಜ ಬಹುತೇಕ ಸಹಜಸ್ಥಿತಿಗೆ ಬಂದಿತ್ತು. ನೋವು ಮೀರಿ ಹಿಗ್ಗಿಸಿದವರಲ್ಲಿ ಶೇ. 63 ಮಾತ್ರ. ಆದರೆ 100 ರೋಗಿಗಳ 2006ರ ಅಧ್ಯಯನದಲ್ಲಿ ಬಿಗಿತದ ಅಂಚಿನವರೆಗೆ ಹೋಗುವ ತೀವ್ರ ದರ್ಜೆಯೇ ತುಸು ಮೇಲಾಯಿತು. ಮೃದು ದರ್ಜೆಯವರೂ ಚೆನ್ನಾಗಿಯೇ ಸುಧಾರಿಸಿದ್ದರು. ಇವೆರಡೂ ಸೇರಿ ಹೇಳುವ ಮಾತು ಇದು: ಉರಿಯೂತ ಇನ್ನೂ ಬಿಸಿಯಾಗಿರುವಾಗ ಬಲ ಹಾಕಿದರೆ ಕೆಡುತ್ತದೆ, ನೋವು ಇಳಿದು ಬಿಗಿತವಷ್ಟೇ ಉಳಿದಾಗ ಅಂಚಿಗೆ ಹೋಗುವ ಧೈರ್ಯ ಬೇಕು.

ಭುಜದ ಸ್ನಾಯುರಜ್ಜು ಸವೆದ ರೋಗಿಗಳ ಚಿತ್ರ ಬೇರೆ. ಆಸ್ಟ್ರೇಲಿಯಾದಲ್ಲಿ 120 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈಚಿಕಿತ್ಸೆ ಮತ್ತು ವ್ಯಾಯಾಮ ಒಂದು ಕಡೆ, ಕೆಲಸ ಮಾಡದ ಅಲ್ಟ್ರಾಸೌಂಡ್ ಯಂತ್ರ ಇನ್ನೊಂದು ಕಡೆ ಇದ್ದವು. 11 ವಾರದಲ್ಲಿ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಮುಂದುವರಿದು 22 ವಾರವಾದಾಗ ಚಿಕಿತ್ಸೆ ಪಡೆದವರ ತೋಳಿನ ಬಳಕೆ ಉತ್ತಮಗೊಂಡಿತ್ತು. ಥೆರಪಿಸ್ಟ್ ಕೈಯಿಂದ ಸಿಗುವ ಹಗುರವನ್ನು ಉಳಿಸಿಕೊಡುವುದು ರೋಗಿಯ ದಿನನಿತ್ಯದ ಚಲನೆಯೇ.

ಫ್ರೋಜನ್ ಶೋಲ್ಡರ್ ಕುರಿತ 32 ಪ್ರಯೋಗಗಳನ್ನು ಪರಿಶೀಲಿಸಿದ 2014ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಆರಂಭದ ವಾರಗಳಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್ ಕೈಚಿಕಿತ್ಸೆ-ವ್ಯಾಯಾಮಗಳಿಗಿಂತ ಹೆಚ್ಚು ಫಲ ಕೊಡಬಹುದು. 2020ರಲ್ಲಿ ಪ್ರಕಟವಾದ ಬ್ರಿಟನ್ನಿನ 503 ರೋಗಿಗಳ ಪ್ರಯೋಗದಲ್ಲಿ ಇಂಜೆಕ್ಷನ್ ಜೊತೆಗಿನ ಫಿಸಿಯೋಥೆರಪಿ, ಅರಿವಳಿಕೆ ಕೊಟ್ಟು ಕೀಲು ಬಿಡಿಸುವುದು, ಕೀಹೋಲ್ ಶಸ್ತ್ರಚಿಕಿತ್ಸೆ ಮೂರನ್ನೂ ಹೋಲಿಸಲಾಯಿತು. ವರ್ಷದ ಕೊನೆಯಲ್ಲಿ ಯಾವುದೂ ಉಳಿದೆರಡನ್ನು ಗಣನೀಯವಾಗಿ ಮೀರಿಸಲಿಲ್ಲ. ಅರಿವಳಿಕೆಯೂ ಕತ್ತರಿಯೂ ಇಲ್ಲದ ದಾರಿ ಇಷ್ಟು ದೂರ ಬಂದದ್ದು ಫಿಸಿಯೋಥೆರಪಿ ಹೆಮ್ಮೆಪಡಬೇಕಾದ ವಿಷಯ.

ನಮ್ಮ ಕಾಲೇಜುಗಳ ಮುಂದಿನ ಪ್ರಶ್ನೆ

ಕರ್ನಾಟಕದ ಫಿಸಿಯೋಥೆರಪಿ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ 'ಮೈಟ್‌ಲ್ಯಾಂಡ್ ಮೇಲೋ ಮಲ್ಲಿಗನ್ ಮೇಲೋ' ಎಂಬ ಹೋಲಿಕೆ ಮತ್ತೆ ಮತ್ತೆ ಬರುತ್ತದೆ. ಹತ್ತಾರು ರೋಗಿಗಳಷ್ಟೇ, ಕೆಲವೇ ವಾರಗಳ ಗಮನ ಇಂಥ ಅಧ್ಯಯನಗಳ ಮಿತಿ. ಮಧುಮೇಹಿಗಳಲ್ಲಿ ಫ್ರೋಜನ್ ಶೋಲ್ಡರ್ ಇತರರಿಗಿಂತ ಹಲವು ಪಟ್ಟು ಹೆಚ್ಚು, ವಾಸಿಯಾಗುವುದೂ ನಿಧಾನ. ಮಧುಮೇಹ ಮನೆಮನೆಗೆ ಬಂದಿರುವ ನಮ್ಮ ನಾಡಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ: ಸಕ್ಕರೆ ಹಿಡಿತದಲ್ಲಿಲ್ಲದವರ ಭುಜಕ್ಕೆ ಯಾವ ಹಂತದಲ್ಲಿ ಎಷ್ಟು ಒತ್ತಡ ಸರಿ? ವಾರಕ್ಕೆರಡು ಸಲ ಬರಲಾಗದ ಹಳ್ಳಿಯ ಹೆಂಗಸಿಗೆ ಮನೆಯ ವ್ಯಾಯಾಮ ಎಷ್ಟು ಸಾಕು? ಹಲವು ಕಾಲೇಜುಗಳು ಕೂಡಿ, ರೋಗಿಗಳನ್ನು ವರ್ಷವಿಡೀ ಗಮನಿಸಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ, ಅದರ ಪ್ರಯೋಜನ ಜಗತ್ತಿನ ಎಲ್ಲ ಮಧುಮೇಹಿಗಳಿಗೂ ಸಿಗುತ್ತದೆ.