ಸೀರೆಯ ದುಡ್ಡಿಗೆ ಬಂದ ಪುಸ್ತಕ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ವಿಮಾನ ಎಂಜಿನ್ನುಗಳ ಚರಿತ್ರೆಯ ದಪ್ಪ ಪುಸ್ತಕವೊಂದನ್ನು ಎತ್ತಿಕೊಂಡಾಗ ಅಂಗಡಿಯವರು, ‘ಯಜಮಾನರಿಗಾ ತಾಯಿ?’ ಎಂದರು. ‘ನನಗೇ’ ಎಂದೆ. ಹಬ್ಬದ ಸೀರೆಗೆಂದು ಕೂಡಿಟ್ಟ ದುಡ್ಡು ಅದಕ್ಕೇ ಹೋಯಿತು.

ಅದರಲ್ಲಿ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿನ ಕಥೆಯಿತ್ತು. 12 ಸಿಲಿಂಡರ್, 27 ಲೀಟರಿನ ಈ ಎಂಜಿನ್ನೇ 1940ರಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳನ್ನು ಹಾರಿಸಿದ್ದು. ಆದರೆ ಪೈಲಟ್ ಥಟ್ಟನೆ ಮೂತಿ ತಗ್ಗಿಸಿ ಧುಮುಕಿದರೆ, ಕಾರ್ಬುರೇಟರಿನ ಪೆಟ್ರೋಲು ಏರುಪೇರಾಗಿ, ಮಿತಿಮೀರಿ ನುಗ್ಗಿ ಎಂಜಿನ್ ಉಸಿರುಗಟ್ಟುತ್ತಿತ್ತು. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಜರ್ಮನರ ಎಂಜಿನ್ನಿಗೆ ಆ ತೊಂದರೆಯಿಲ್ಲ. ಬೆನ್ನಟ್ಟಿದ ವೈರಿಗೆ ಅಷ್ಟೇ ಹೊತ್ತು ಸಾಕು.

1941ರಲ್ಲಿ ಪರಿಹಾರ ಸಿಕ್ಕಿತು: ಪೆಟ್ರೋಲಿನ ದಾರಿಯಲ್ಲಿ, ನಡುವೆ ತೂತಿರುವ ಪುಟ್ಟ ಲೋಹದ ತುಣುಕು. ಎಂಜಿನ್ನಿಗೆ ಬೇಕಾದಷ್ಟೇ ಒಳಗೆ, ಹೆಚ್ಚಿಲ್ಲ. ಅಳತೆ ತಿಳಿದು ಒಗ್ಗರಣೆಗೆ ಎಣ್ಣೆ ಬಿಟ್ಟ ಹಾಗೆ! ನನ್ನ ಪುಸ್ತಕ ಇಷ್ಟು ಹೇಳಿ ಮುಂದೆ ಹೋಗಿತ್ತು. ಮಾಡಿದವರು ಯಾರು? ಹೆಸರಿಲ್ಲ.

ಉತ್ತರ ಸಿಕ್ಕಿದ್ದು 2003ರಲ್ಲಿ ಮ್ಯಾಥ್ಯೂ ಫ್ರಾಯ್ಡನ್‌ಬರ್ಗ್ ಬರೆದ ಜೀವನಚರಿತ್ರೆಯಲ್ಲಿ. ಅದನ್ನು ಲಂಡನ್ನಿನಲ್ಲಿದ್ದ ತಮ್ಮನಿಂದ ತರಿಸಿಕೊಂಡೆ. ಫಾರ್ನ್‌ಬರೋ ವಿಮಾನ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್ (1909–1990) ಎಂಬ ಹೆಣ್ಣುಮಗಳು ಅದನ್ನು ರೂಪಿಸಿ, ತಂಡ ಕಟ್ಟಿಕೊಂಡು ವಾಯುನೆಲೆಗಳನ್ನು ಸುತ್ತಿ ಜೋಡಿಸಿಕೊಟ್ಟಿದ್ದರು. ಹೊಸ ಬಗೆಯ ಕಾರ್ಬುರೇಟರ್ ಬರುವವರೆಗೆ ಆ ತುಣುಕೇ ಆಸರೆಯಾಯಿತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 100 ಮೈಲಿ ಮೀರಿ ಮೋಟಾರ್‌ಸೈಕಲ್ ಓಡಿಸಿದ್ದವರೂ ಈಕೆಯೇ.

ಮೊದಲ ಪುಸ್ತಕದ ಆ ಪುಟದಂಚಿನಲ್ಲಿ ಅವರ ಹೆಸರನ್ನು ಪೆನ್ಸಿಲ್ಲಿನಿಂದ ಬರೆದಿಟ್ಟಿದ್ದೇನೆ. ಈಗ ಇಂಥ ಪುಸ್ತಕ ಕಂಡರೆ ಬೆಲೆಗಿಂತ ಮೊದಲು ಕೊನೆಯ ಪುಟಗಳ ಹೆಸರುಪಟ್ಟಿಯನ್ನೇ ನೋಡುತ್ತೇನೆ.