ಮಂಡಿನೋವು ಬೆಸೆದ ಎರಡು ಕಸುಬು

ರೋಗಿಗಳಿಗೆ ಔಷಧಿ ಮಾರಕೂಡದು. ಮಸಾಜ್ ಕಲಿತ ದಾದಿಯರು 1894ರಲ್ಲಿ ಲಂಡನ್ನಿನಲ್ಲಿ ಕಟ್ಟಿಕೊಂಡ ಸಂಘದ ಮೊದಮೊದಲ ನಿಯಮಗಳಲ್ಲಿ ಇದೂ ಒಂದು. ಡಾಕ್ಟರು ಹೇಳದೆ ಯಾರ ಮೈಯನ್ನೂ ಮುಟ್ಟುವಂತಿಲ್ಲ, ವೈದ್ಯಕೀಯ ಪತ್ರಿಕೆ ಬಿಟ್ಟು ಬೇರೆಲ್ಲೂ ಜಾಹೀರಾತು ಕೊಡುವಂತಿಲ್ಲ ಎಂಬ ಕಟ್ಟುಗಳೂ ಇದ್ದವು. ಕಾರಣ ಸ್ಪಷ್ಟ. ಮಸಾಜಿನ ಹೆಸರಲ್ಲಿ ನಗರದಲ್ಲಿ ವೇಶ್ಯಾವಾಟಿಕೆಗಳು ನಡೆಯುತ್ತಿವೆ ಎಂದು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ ಬರೆದಿತ್ತು. ರೋಸಲಿಂಡ್ ಪ್ಯಾಜೆಟ್, ಲೂಸಿ ರಾಬಿನ್‌ಸನ್ ಮತ್ತು ಇನ್ನಿಬ್ಬರು ದಾದಿಯರು ಕಸುಬಿನ ಮಾನ ಉಳಿಸಿಕೊಳ್ಳಲು ಡಾಕ್ಟರ ನೆರಳಿಗೆ ಸರಿದರು. 1920ರಲ್ಲಿ ಸಂಘಕ್ಕೆ ರಾಜಮನ್ನಣೆ ಸಿಕ್ಕಿತು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿಸ್ಟರ ಸಂಘ ಬೆಳೆದದ್ದು ಇದೇ ಬೇರಿನಿಂದ.

ಔಷಧಿ ಅಂಗಡಿಯವರ ಕತೆ ಇನ್ನೂ ಹಳೆಯದು, ತುಸು ತಮಾಷೆಯದೂ ಹೌದು. 18ನೇ ಶತಮಾನದ ಆರಂಭದಲ್ಲಿ ವಿಲಿಯಂ ರೋಸ್ ಎಂಬ ಲಂಡನ್ನಿನ ಔಷಧಿಗಾರ ಒಬ್ಬ ಕಟುಕನಿಗೆ ಮದ್ದು ಕೊಟ್ಟು ಸುಮಾರು 50 ಪೌಂಡಿನ ಬಿಲ್ ಮಾಡಿದ. ಕಾಯಿಲೆ ವಾಸಿಯಾಗಲಿಲ್ಲ. ಕಟುಕ ದೂರು ಒಯ್ದದ್ದು ವೈದ್ಯರ ಕಾಲೇಜಿಗೆ. ಡಾಕ್ಟರ ಚೀಟಿಯಿಲ್ಲದೆ ಚಿಕಿತ್ಸೆ ಮಾಡಿದ್ದು ತಪ್ಪೆಂದು ಕಾಲೇಜು ಮೊಕದ್ದಮೆ ಹೂಡಿ ಮೊದಲು ಗೆದ್ದಿತು. ಆದರೆ 1704ರಲ್ಲಿ ಲಾರ್ಡ್ಸ್ ಸಭೆ ಆ ತೀರ್ಪನ್ನು ತಿರುಗಿಸಿ ರೋಸ್‌ನ ಪರ ನಿಂತಿತು. ಗೆದ್ದ ಔಷಧಿಗಾರರು ಕ್ರಮೇಣ ತಾವೇ ಡಾಕ್ಟರಾದರು! ಬಿಟ್ಟುಹೋದ ಕೌಂಟರಿಗೆ ಕೆಮಿಸ್ಟರು ಬಂದರು, 1841ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಒಬ್ಬರು ಮದ್ದು ಮುಟ್ಟಬಾರದು, ಇನ್ನೊಬ್ಬರು ಮೈ ಮುಟ್ಟಬಾರದು. ಬೇಲಿ ಭದ್ರವಾಗಿತ್ತು.

ಅದನ್ನು ಸಡಿಲಿಸಿದ ಕಾಯಿಲೆಗಳಲ್ಲಿ ಮಂಡಿಸವೆತಕ್ಕೆ ದೊಡ್ಡ ಪಾಲಿದೆ.

ಸವೆತವನ್ನು ಎಕ್ಸ್‌ರೇ ನೋಡಿ ಅಳೆಯುವ ಕ್ರಮವನ್ನು 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಪ್ರಕಟಿಸಿದರು: ಸೊನ್ನೆಯಿಂದ 4ರವರೆಗಿನ ದರ್ಜೆ. ಇಂದಿಗೂ ಮೂಳೆ ಡಾಕ್ಟರು ಬಳಸುವುದು ಅದನ್ನೇ. ತೊಡಕೆಂದರೆ, ಮೊದಲ ಹಂತದಲ್ಲಿ ನೋವಿದ್ದರೂ ಚಿತ್ರದಲ್ಲಿ ಏನೂ ಕಾಣದಿರಬಹುದು. ಮೆಟ್ಟಿಲಿಳಿಯುವಾಗ ಚುಳುಕ್ ಎಂದರೆ ಯಾರು ತಾನೇ ಆಸ್ಪತ್ರೆಗೆ ಓಡುತ್ತಾರೆ? ಮೆಡಿಕಲ್ ಶಾಪಿಗೆ ಹೋಗುತ್ತಾರೆ. ನಾಟಿಂಗ್‌ಹ್ಯಾಮಿನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಸಂಗಡಿಗರು ಕಂಡುಹಿಡಿದ ಐಬುಪ್ರೊಫೇನ್ 1983ರಲ್ಲಿ ಬ್ರಿಟನ್ನಿನಲ್ಲಿ ಚೀಟಿಯಿಲ್ಲದೆ ಸಿಗತೊಡಗಿದ ಮೇಲಂತೂ ನೋವಿನ ಮೊದಲ ಸುದ್ದಿ ಮುಟ್ಟುವ ಜಾಗ ಕೌಂಟರೇ ಆಯಿತು.

ಮಾತ್ರೆ ನೋವನ್ನು ತಗ್ಗಿಸುತ್ತದೆ, ಮಂಡಿಗೆ ಬಲ ಕೊಡುವುದಿಲ್ಲ. ಬಲ ಬರುವುದು ತೊಡೆಯ ಸ್ನಾಯುವಿನಿಂದ: ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನು ಒತ್ತಿ ಹಿಡಿಯುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು. ಇದನ್ನು ಹದವರಿತು ಹೇಳಿಕೊಡುವವರು ಫಿಸಿಯೋಥೆರಪಿಸ್ಟರು. ಬರೀ ಮಾತ್ರೆ ನಂಬಿದರೆ ಏನಾಗಬಹುದೆಂದು 2004ರ ಸೆಪ್ಟೆಂಬರಿನಲ್ಲಿ ಲೋಕಕ್ಕೆ ಗೊತ್ತಾಯಿತು. ಕೀಲುನೋವಿಗೆಂದು ಲಕ್ಷಾಂತರ ಜನ ನುಂಗುತ್ತಿದ್ದ ವಯಾಕ್ಸ್ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂದು ಕಂಡುಬಂದು ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು.

ಎರಡೂ ಕಸುಬುಗಳನ್ನು ಜೋಡಿಸಿ ಪರೀಕ್ಷಿಸಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ. ಕಾರ್ಲೊ ಮಾರಾ ಮತ್ತು ಸಂಗಡಿಗರ ಆ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಊರೊಳಗಿನ 32 ಔಷಧಿ ಅಂಗಡಿಗಳು, 139 ಮಂದಿ. ಮಂಡಿಸವೆತವಿದ್ದೂ ಅದು ಗೊತ್ತಿರದವರನ್ನು ಫಾರ್ಮಸಿಸ್ಟರೇ ಪ್ರಶ್ನಾವಳಿ ಹಿಡಿದು ಗುರುತಿಸಿದರು. ಒಂದು ಗುಂಪಿಗೆ ಮಾಮೂಲಿ ಆರೈಕೆಯ ಜೊತೆ ಒಂದು ಕರಪತ್ರ, ಅಷ್ಟೇ. ಇನ್ನೊಂದು ಗುಂಪಿನವರು ತೆಗೆದುಕೊಳ್ಳುತ್ತಿದ್ದ ಔಷಧಿಗಳನ್ನು ಫಾರ್ಮಸಿಸ್ಟ್ ಪರಿಶೀಲಿಸಿದರು, ಫಿಸಿಯೋಥೆರಪಿಸ್ಟ್ ವ್ಯಾಯಾಮ ಕಲಿಸಿದರು, ಮನೆ ಡಾಕ್ಟರಿಗೂ ವಿಷಯ ಮುಟ್ಟಿತು. ಆರು ತಿಂಗಳ ಹೊತ್ತಿಗೆ ಈ ಎರಡನೆಯ ಗುಂಪಿಗೆ ನೋವೂ ಕಡಿಮೆ, ಓಡಾಟವೂ ಸಲೀಸು. ಸಂಖ್ಯೆ ಸಣ್ಣದು, ಅವಧಿಯೂ ಚಿಕ್ಕದು. ಆದರೂ ರೋಗ ಪತ್ತೆ ಕೌಂಟರಿನಲ್ಲೇ ಶುರುವಾಗಬಹುದೆಂದು ತೋರಿಸಿದ್ದು ಕಡಿಮೆ ಮಾತಲ್ಲ.

ಮರುವರ್ಷವೇ, 2013ರಲ್ಲಿ, ಬ್ರಿಟನ್ ಹೆಚ್ಚಿನ ತರಬೇತಿ ಪಡೆದ ಫಿಸಿಯೋಥೆರಪಿಸ್ಟರಿಗೆ ಸ್ವತಂತ್ರವಾಗಿ ಔಷಧಿ ಬರೆಯುವ ಹಕ್ಕು ಕೊಟ್ಟಿತು. ಪ್ಯಾಜೆಟ್ ಕಾಲದ ದಾದಿಯರು ಕೇಳಿದ್ದರೆ ಬೆಚ್ಚಿಬೀಳುತ್ತಿದ್ದರು.

ನಮ್ಮಲ್ಲಿ ಕಾನೂನು ಎರಡು ದಾರಿ ಹಿಡಿದಿದೆ. ಫಾರ್ಮಸಿಸ್ಟರಿಗೆ 1948ರ ಕಾಯ್ದೆ, ಫಿಸಿಯೋಥೆರಪಿಸ್ಟರಿಗೆ ರಾಷ್ಟ್ರಮಟ್ಟದ ಕಾಯ್ದೆ ಬಂದದ್ದು 2021ರಲ್ಲಿ. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದಲ್ಲೇ ರೋಗಿಯ ಬಳಿ ಕೂತು ಔಷಧಿ ವಿಚಾರಿಸುವ ಶಿಕ್ಷಣಕ್ಕೆ ಕೈಹಾಕಿತು. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನು ಫಾರ್ಮಸಿಸ್ಟರ ಕೆಲಸವೆಂದೇ ಬರೆದಿವೆ. ಬೀದಿಯಲ್ಲಿ ಮಾತ್ರ ಚೀಟಿ ಬೇಕಾದ ಡೈಕ್ಲೊಫೆನಾಕ್ ಮಾತ್ರೆಯನ್ನೂ ಎಷ್ಟೋ ಕಡೆ ಸ್ಟ್ರಿಪ್ ಕತ್ತರಿಸಿ ಸುಮ್ಮನೆ ಕೊಟ್ಟುಬಿಡುತ್ತಾರೆ. ಹಾಗಾಗಿ ಕೇಳುವ ಕೆಲಸವನ್ನು ಗಿರಾಕಿಯೇ ಮಾಡಬೇಕು. ಮಂಡಿನೋವಿಗೆಂದು ಅಂಗಡಿಗೆ ಹೋದಾಗ ಬಿಪಿ, ಕಿಡ್ನಿ, ಹೊಟ್ಟೆಹುಣ್ಣಿನ ತೊಂದರೆಯಿದ್ದರೆ ಮೊದಲು ಹೇಳಿ, ಫಾರ್ಮಸಿಸ್ಟ್ ಇದ್ದಾರೆಯೇ ಎಂದು ವಿಚಾರಿಸಿ, ಹತ್ತಿರದಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್ ಯಾರೆಂದು ಅವರನ್ನೇ ಕೇಳಿ.